ಕೊಟ್ಟಿಗೆಯ ಬಕೆಟ್‌ಗೂ ಒಂದು ಆಯಸ್ಸಿದೆ



ಕಳೆದ ಮಳೆಗಾಲದ ಒಂದು ಸಂಜೆ ಫೋನ್ ಬಂತು. "ಸಾರ್, ಹತ್ತು ದಿನದಿಂದ ಹಸ ಸರಿಯಾಗಿ ಮೇಯ್ತಿಲ್ಲ. ಹೊಟ್ಟೆ ಉಬ್ಬರ ಅಂತ ನಾಟಿ ಔಷಧಿ ಹಾಕಿದ್ವಿ, ಕಡಿಮೆ ಆಗ್ಲಿಲ್ಲ." ಹೋಗಿ ನೋಡಿದೆ. ಎರಡನೇ ಕರುವಿನ ಎಚ್‌ಎಫ್ ಮಿಶ್ರತಳಿ ಹಸು, ದಿನಕ್ಕೆ 14 ಲೀಟರ್ ಕೊಡುತ್ತಿದ್ದದ್ದು 3 ಲೀಟರ್‌ಗೆ ಇಳಿದಿತ್ತು. ಬೆನ್ನು ಬಾಗಿಸಿಕೊಂಡು, ಮುಂಗಾಲಿನ ಮೊಣಕೈಗಳನ್ನು ಹೊರಕ್ಕೆ ಅಗಲಿಸಿ ನಿಂತಿತ್ತು. ಮುಂಗಾಲುಗಳ ನಡುವೆ ಎದೆಯ ಕೆಳಗೆ ನೀರು ತುಂಬಿದಂಥ ಬಾವು. ಕುತ್ತಿಗೆಯ ರಕ್ತನಾಳ ಹಗ್ಗದಂತೆ ಉಬ್ಬಿತ್ತು. ಇದು ಯಾವ ರೋಗ ಎಂದು ನೋಡಿದ ಕೂಡಲೇ ಗೊತ್ತಾಯಿತು. ಕಾಲ ಮೀರಿದೆ ಎಂಬುದೂ ಗೊತ್ತಾಯಿತು.

ಮೂರನೇ ದಿನ ಹಸು ಸತ್ತಿತು. ವಿಮೆಗಾಗಿ ಮರಣೋತ್ತರ ಪರೀಕ್ಷೆ ಮಾಡಿದಾಗ ಹೃದಯದ ಸುತ್ತಲಿನ ಚೀಲದ ತುಂಬ ಕೀವು, ಅದರೊಳಗೆ ತುಕ್ಕು ಹಿಡಿದ ಮೂರು ಇಂಚಿನ ಕಟ್ಟುಕಂಬಿ. ಮನೆಯ ಅಮ್ಮನವರು ಆ ಕಂಬಿಯನ್ನು ಗುರುತಿಸಿದರು. ಹಿಂಡಿ ಕಲಸುವ ಬಕೆಟ್‌ನ ಹಿಡಿ ಮುರಿದಿದ್ದಾಗ ಅವರೇ ಅದನ್ನು ಸುತ್ತಿ ಕಟ್ಟಿದ್ದರು. "ನೂರು ರೂಪಾಯಿ ಬಕೆಟ್ ಉಳಿಸಕ್ಕೋದೆ ಸಾರ್" ಎಂದರು. ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಈ ಲೇಖನವನ್ನು ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಕುದುರೆ ಲಾಯದಲ್ಲಿ ಕಲಿತ ಪಾಠ

ಪಶುವೈದ್ಯಕೀಯ ಓದುವಾಗ ಕೆಲವು ದಿನ ಕುದುರೆ ಲಾಯದಲ್ಲಿ ತರಬೇತಿಗೆ ಇದ್ದೆ. ಅಲ್ಲಿ ಒಂದೊಂದು ಕುದುರೆಗೂ ಅದರದೇ ಬಕೆಟ್. ಒಂದರ ಬಕೆಟ್ ಇನ್ನೊಂದಕ್ಕೆ ಇಡುವಂತಿಲ್ಲ. ಕುದುರೆಗಳ ಗಂಟಲ ಗ್ರಂಥಿ ಬಾತು ಕೀವಾಗುವ ಸ್ಟ್ರಾಂಗಲ್ಸ್ ಎಂಬ ಸೋಂಕು ನೀರಿನ ಬಕೆಟ್ ಮೂಲಕವೂ ಹರಡುತ್ತದೆ. ಅಲ್ಲಿನ ಹಿರಿಯ ಕೆಲಸಗಾರರೊಬ್ಬರು ಬೆಳಿಗ್ಗೆ ನೀರು ತುಂಬುವ ಮೊದಲು ಪ್ರತಿ ಬಕೆಟ್‌ನ ಅಂಚಿನ ಸುತ್ತ ಅಂಗೈ ಆಡಿಸುತ್ತಿದ್ದರು. ಕೈಗೆ ಏನಾದರೂ ತರಚಿದರೆ ಆ ಬಕೆಟ್ ಅಂದೇ ಲಾಯದಿಂದ ಹೊರಕ್ಕೆ.

ನಿಜ ಹೇಳಬೇಕೆಂದರೆ ಈ ಎಚ್ಚರ ಕುದುರೆಗಿಂತ ಹಸುವಿಗೇ ಹೆಚ್ಚು ಬೇಕು. ಕುದುರೆ ತುಟಿಯಿಂದ ಆರಿಸಿ ಆರಿಸಿ ತಿನ್ನುತ್ತದೆ. ಹಸು ಹಾಗಲ್ಲ. ನಾಲಿಗೆಯಿಂದ ಬಾಚಿ, ಅರೆಬರೆ ಅಗಿದು ನುಂಗಿಬಿಡುತ್ತದೆ, ಮೆಲುಕು ಹಾಕುವುದು ಆಮೇಲೆ. ನುಂಗಿದ ಕಂಬಿ, ಮೊಳೆ ಎರಡನೇ ಹೊಟ್ಟೆಯಾದ ರೆಟಿಕ್ಯುಲಮ್‌ನಲ್ಲಿ ಹೋಗಿ ಕೂರುತ್ತದೆ. ಅದರ ಮುಂದೆಯೇ ವಪೆ, ವಪೆಯಾಚೆ ಹೃದಯ. ಹೊಟ್ಟೆ ಹಿಂಡಿದಾಗಲೆಲ್ಲ ಕಂಬಿಯ ತುದಿ ಮುಂದಕ್ಕೆ ಚುಚ್ಚುತ್ತದೆ. ತುಂಬು ಗಬ್ಬದಲ್ಲಿ ಗರ್ಭಕೋಶದ ಒತ್ತಡವೂ ಸೇರುತ್ತದೆ. ಬೇಗ ಗೊತ್ತಾದರೆ ಹೊಟ್ಟೆಗೆ ಅಯಸ್ಕಾಂತ ಹಾಕಿಯೋ ಶಸ್ತ್ರಚಿಕಿತ್ಸೆ ಮಾಡಿಯೋ ಉಳಿಸಬಹುದು. ಎದೆಯ ಕೆಳಗೆ ಬಾವು ಬಂದ ಮೇಲೆ ಉಳಿಯುವುದು ಬಹಳ ಅಪರೂಪ.

ಹಾಗಾಗಿ ಕೊಟ್ಟಿಗೆಯ ಸಾಮಾನು ಒಡೆದು ಹೋದಾಗ ಅದರ ಆಯಸ್ಸು ಮುಗಿಯಿತು ಎಂದುಕೊಳ್ಳಬೇಡಿ. ಅದು ಹಸುವಿಗೆ ಅಥವಾ ಹಾಲಿಗೆ ಅಪಾಯ ತರಲು ಶುರುವಾದ ದಿನವೇ ಅದರ ಆಯಸ್ಸು ಮುಗಿದಿರುತ್ತದೆ. ಆಮೇಲೂ ಅದು ನೀರು ಹಿಡಿಯಬಹುದು. ನಾವು ಮೋಸ ಹೋಗುವುದು ಅಲ್ಲೇ.

ಮೇವು, ನೀರಿನ ಬಕೆಟ್

ಪ್ಲಾಸ್ಟಿಕ್‌ಗೆ ಬಿಸಿಲೇ ದೊಡ್ಡ ಶತ್ರು. ಅಂಗಳದಲ್ಲಿ ಬಿದ್ದಿರುವ ಬಕೆಟ್ ಮೊದಲು ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ, ಆಮೇಲೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಹೆಬ್ಬೆರಳಿನಿಂದ ಅಂಚನ್ನು ಒತ್ತಿ ನೋಡಿ. ಬಾಗದೆ ಚಟಪಟ ಎಂದರೆ ಅದರ ಕಾಲ ಮುಗಿಯಿತು. ಬಳಸಿದ ಮೇಲೆ ನೆರಳಿನಲ್ಲಿ ಬೋರಲು ಹಾಕುವ ಅಭ್ಯಾಸ ಇಟ್ಟುಕೊಂಡರೆ ಅದೇ ಬಕೆಟ್ ಹೆಚ್ಚು ಕಾಲ ಬಾಳುತ್ತದೆ.

ಹಿಡಿ ಮುರಿದರೆ ಕಂಬಿ ಸುತ್ತಬೇಡಿ. ಹಗ್ಗ ಕಟ್ಟಿ, ಅಥವಾ ಆ ಬಕೆಟ್ಟನ್ನು ಸಗಣಿ ಬಾಚಲು ಇಟ್ಟುಕೊಳ್ಳಿ. ಹಳೆ ಟೈರಿನಿಂದ ಮಾಡಿದ ಬಾನಿ ಗಟ್ಟಿಮುಟ್ಟು ನಿಜ, ಹಸು ಒದ್ದರೂ ಒಡೆಯುವುದಿಲ್ಲ. ಆದರೆ ಟೈರಿನೊಳಗೆ ಉಕ್ಕಿನ ತಂತಿ ಇರುತ್ತದೆ. ರಬ್ಬರ್ ಸವೆದಂತೆ ತಂತಿಯ ತುದಿ ಹೊರಗೆ ಇಣುಕುತ್ತದೆ, ತುಂಡಾಗಿ ಮೇವಿಗೆ ಬೀಳುತ್ತದೆ. ರಸಮೇವಿನ ಗುಂಡಿಯ ಮೇಲೆ ಭಾರಕ್ಕೆ ಇಡುವ ಟೈರಿಗೂ ಈ ಮಾತು ಅನ್ವಯಿಸುತ್ತದೆ.

ಕೀಟನಾಶಕದ ಡಬ್ಬ, ಪೇಂಟ್ ಡಬ್ಬಗಳನ್ನು ಎಷ್ಟು ತೊಳೆದರೂ ನೀರಿಗೆ, ಮೇವಿಗೆ ಬಳಸಬೇಡಿ. ಅವು ಗಟ್ಟಿಯಾಗಿರುವುದೇ ಆಸೆಗೆ ಕಾರಣ. ವಿಷದ ಅಂಶ ಡಬ್ಬದ ಒಳಮೈಗೆ ಹಿಡಿದಿರುತ್ತದೆ.

ಹಾಲು ಕರೆಯುವ ಪಾತ್ರೆ

ಇಲ್ಲಿ ಪ್ಲಾಸ್ಟಿಕ್ ಬೇಡವೇ ಬೇಡ. ಬೂದಿ, ಮರಳು, ತೆಂಗಿನ ನಾರು ಹಾಕಿ ಉಜ್ಜಿದಾಗ ಒಳಮೈಯಲ್ಲಿ ಗೀರು ಬೀಳುತ್ತದೆ. ಆ ಗೀರಿನಲ್ಲಿ ಹಾಲಿನ ಜಿಡ್ಡು, ಜಿಡ್ಡಿನಲ್ಲಿ ಬ್ಯಾಕ್ಟೀರಿಯಾ. ಆಗ ತಾನೇ ಕರೆದ ಬೆಚ್ಚನೆಯ ಹಾಲಿನಲ್ಲಿ ಅವು 20–30 ನಿಮಿಷಕ್ಕೊಮ್ಮೆ ದುಪ್ಪಟ್ಟಾಗಬಲ್ಲವು. ಬಿಎಂಸಿಯಲ್ಲಿ 4 ಡಿಗ್ರಿಗೆ ತಂಪು ಮಾಡಿದರೆ ಬೆಳವಣಿಗೆ ನಿಧಾನವಾಗುತ್ತದೆಯೇ ಹೊರತು ಬಂದು ಸೇರಿದ ಬ್ಯಾಕ್ಟೀರಿಯಾ ಹೊರಹೋಗುವುದಿಲ್ಲ. ಒಬ್ಬರ ಪಾತ್ರೆಯ ಗೀರು ಇಡೀ ಸಂಘದ ಹಾಲಿನ ಗುಣಮಟ್ಟ ಇಳಿಸಬಹುದು.

ಬೆಸುಗೆಯ ಸಂದಿಲ್ಲದ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ ಕೊಳ್ಳುವಾಗ ದುಬಾರಿ, ವರ್ಷಗಳ ಲೆಕ್ಕದಲ್ಲಿ ಅಗ್ಗ. ಅದಕ್ಕೂ ಆರೈಕೆ ಬೇಕು. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಹಾಲಿನ ಅಂಶ ತೆಗೆಯಿರಿ. ಕುದಿಯುವ ನೀರನ್ನೇ ಮೊದಲು ಹಾಕಿದರೆ ಹಾಲಿನ ಪ್ರೋಟೀನ್ ಬೆಂದು ಅಂಟಿಕೊಳ್ಳುತ್ತದೆ. ಆಮೇಲೆ ಬಿಸಿನೀರು, ಡಿಟರ್ಜೆಂಟ್ ಮತ್ತು ಬ್ರಷ್. ಕೊನೆಗೆ ಶುದ್ಧ ನೀರಿನಲ್ಲಿ ಜಾಲಿಸಿ ಬೋರಲು ಹಾಕಿ. ಬ್ಲೀಚಿಂಗ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟರೆ ಸ್ಟೀಲ್‌ನಲ್ಲೂ ಸಣ್ಣ ಗುಳಿ ಬೀಳುತ್ತದೆ. ಅಲ್ಯೂಮಿನಿಯಂ ಕ್ಯಾನ್‌ಗೆ ಕಾಸ್ಟಿಕ್ ಸೋಡಾ ತಾಗಿಸಬೇಡಿ, ಲೋಹವನ್ನೇ ತಿಂದುಹಾಕುತ್ತದೆ.

ಯಂತ್ರದ ರಬ್ಬರ್

ಹಾಲು ಕರೆಯುವ ಯಂತ್ರ ಇಟ್ಟುಕೊಂಡವರು ತೊಟ್ಟಿಗೆ ಹಾಕುವ ರಬ್ಬರ್ ಲೈನರ್ ಕಡೆ ಗಮನ ಕೊಡಿ. ಅದು ಹರಿಯುವವರೆಗೆ ಕಾಯುವ ವಸ್ತುವಲ್ಲ. ಸಾಮಾನ್ಯ ರಬ್ಬರ್ ಲೈನರ್‌ಗೆ ಸುಮಾರು 2500 ಕರೆತ ಎಂಬುದು ಚಾಲ್ತಿಯಲ್ಲಿರುವ ಲೆಕ್ಕ. ನಿಮ್ಮಲ್ಲಿ 10 ಹಸು, ಒಂದೇ ಯಂತ್ರ, ದಿನಕ್ಕೆ ಎರಡು ಹೊತ್ತು ಎಂದಿಟ್ಟುಕೊಳ್ಳಿ. ದಿನಕ್ಕೆ 20 ಕರೆತ, 125 ದಿನಕ್ಕೆ 2500. ಅಂದರೆ ನಾಲ್ಕು ತಿಂಗಳಿಗೆ ಬದಲಿಸಬೇಕು. ಹಸು ಕಡಿಮೆ ಇದ್ದರೂ ಆರು ತಿಂಗಳಿಗಿಂತ ಹೆಚ್ಚು ಇಡಬೇಡಿ, ಏಕೆಂದರೆ ರಬ್ಬರ್ ತನ್ನಷ್ಟಕ್ಕೇ ಹಳೆಯದಾಗುತ್ತದೆ. ಬಿಗಿ ಕಳೆದುಕೊಂಡ ಲೈನರ್ ತೊಟ್ಟಿನ ತುದಿಯನ್ನು ಗಾಯ ಮಾಡುತ್ತದೆ, ಬಿರುಕಿನಲ್ಲಿ ಕೆಚ್ಚಲು ಬಾವಿನ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ಹೊಸದು ಹಾಕಿದ ದಿನಾಂಕವನ್ನು ಗೋಡೆಯ ಮೇಲೆ ಬರೆದಿಡಿ.

ಹಗ್ಗ ಮತ್ತು ಮ್ಯಾಟ್

ತೆಳ್ಳನೆಯ ನೈಲಾನ್ ಹಗ್ಗ ಬೇಗ ಹರಿಯುವುದಿಲ್ಲ, ಹಸುವಿನ ಚರ್ಮವನ್ನು ಹರಿಯುತ್ತದೆ. ಕುತ್ತಿಗೆಗೆ ಅಗಲವಾದ ಪಟ್ಟಿ ಅಥವಾ ನೂಲಿನ ಹಗ್ಗ ಒಳ್ಳೆಯದು, ಸವೆದಾಗ ಬದಲಿಸಿ. ರಬ್ಬರ್ ಮ್ಯಾಟನ್ನು ಆಗಾಗ ಎತ್ತಿ ಅಡಿಯ ಗಂಜಲ ತೊಳೆದು ಒಣಗಿಸಿ. ಅಂಚು ಮೇಲೆದ್ದ ಮ್ಯಾಟ್‌ಗೆ ಗೊರಸು ಸಿಕ್ಕಿ ಹಸು ಮುಗ್ಗರಿಸುತ್ತದೆ. ಮೇಲಿನ ಗೆರೆಗಳು ಸವೆದು ನುಣುಪಾದರೆ ಜಾರಿ ಬೀಳುತ್ತದೆ.

ಭಾನುವಾರದ ಹತ್ತು ನಿಮಿಷ

ವಾರಕ್ಕೊಮ್ಮೆ ಹತ್ತು ನಿಮಿಷ ಇದಕ್ಕೆ ಮೀಸಲಿಡಿ:

• ಪ್ರತಿ ಬಕೆಟ್, ಬಾನಿಯ ಅಂಚಿನ ಸುತ್ತ ಅಂಗೈ ಆಡಿಸಿ ನೋಡಿ.
• ಹಿಡಿ, ಗೋದಲಿ, ಬಾಗಿಲಲ್ಲಿ ಸಡಿಲ ಕಂಬಿ, ಮೊಳೆ ಇದ್ದರೆ ಕಿತ್ತುಹಾಕಿ.
• ಹಾಲಿನ ಪಾತ್ರೆಯನ್ನು ಬಿಸಿಲಿಗೆ ಹಿಡಿದು ಗೀರು, ಜಿಡ್ಡು ಇದೆಯೇ ನೋಡಿ.
• ಕಾಯಿಲೆ ಬಿದ್ದ ಹಸುವಿಗೆ ಗುರುತು ಹಾಕಿದ ಪ್ರತ್ಯೇಕ ಬಕೆಟ್ ಇಡಿ.
• ಹಿಂಡಿ ಕಲಸುವ ಮೊದಲು ದೊಡ್ಡ ಅಯಸ್ಕಾಂತವೊಂದನ್ನು ಅದರಲ್ಲಿ ಆಡಿಸಿ. ಕಬ್ಬಿಣದ ಚೂರಿದ್ದರೆ ಅಂಟಿಕೊಳ್ಳುತ್ತದೆ.

ಹಸು ಎರಡು ದಿನ ಮೇವು ಬಿಟ್ಟು, ಬೆನ್ನು ಬಾಗಿಸಿ ನರಳುತ್ತಿದ್ದರೆ ಮನೆಮದ್ದು ಮಾಡುತ್ತ ಕಾಯಬೇಡಿ, ಕೂಡಲೇ ಪಶುವೈದ್ಯರಿಗೆ ತಿಳಿಸಿ.

ಆ ಅಮ್ಮ ಈಗ ಮತ್ತೊಂದು ಹಸು ಕಟ್ಟಿದ್ದಾರೆ. ಮೊನ್ನೆ ಗರ್ಭ ಪರೀಕ್ಷೆಗೆ ಹೋಗಿದ್ದಾಗ ಕೊಟ್ಟಿಗೆಯಲ್ಲಿ ಹೊಸ ಬಕೆಟ್ ನೋಡಿದೆ. "ಹಳೇದು ಗುಜರಿಗೆ ಹಾಕ್ದೆ ಸಾರ್, ನೀವು ಹೇಳೋಕೆ ಮುಂಚೆನೇ" ಎಂದರು. ಮುಂದಿನ ಸಲ ನಿಮ್ಮ ಮನೆಗೆ ಬಂದಾಗ ಹಸುವಿನ ಜ್ವರ ನೋಡುವ ಮೊದಲು ನಿಮ್ಮ ಬಕೆಟ್‌ನ ಅಂಚಿನ ಮೇಲೆ ಕೈ ಆಡಿಸಿದರೆ ಬೇಸರ ಮಾಡಿಕೊಳ್ಳಬೇಡಿ.