ಹಾಯಿ ಬಿಟ್ಟು ಹುಟ್ಟು ಹಿಡಿದಾಗ

ಕುರ್ತಕೋಟಿಯ ಎರೆಹೊಲಗಳ ನಡುವೆ ದೋಣಿ ಸ್ಪರ್ಧೆಯ ಮಾತೇ ಎಂದು ಹುಬ್ಬೇರಿಸಬೇಡಿ. ಶಿರಹಟ್ಟಿ, ಮುಂಡರಗಿಯ ಅಂಚಿನಲ್ಲಿ ತುಂಗಭದ್ರೆ ಇದ್ದಾಳೆ. ಬೆಂಗಳೂರು ಸೇರಿದ ನಮ್ಮವರ ಮಕ್ಕಳ ಕಣ್ಣೆದುರಿಗೆ, ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ದೋಣಿ ಅಭ್ಯಾಸ ನಡೆಸುತ್ತ ಬಂದಿರುವ ಹಲಸೂರು ಕೆರೆ ಇದೆ.

ಹಾಯಿದೋಣಿಯಲ್ಲಿ ಬೆಳೆದ ಅಕ್ಕ-ತಮ್ಮ ರೋಯಿಂಗ್ ಸ್ಪರ್ಧೆಗೆ ಇಳಿದರೆ ಮೈಗೆ ಏನಾಗುತ್ತದೆ? ಸಮತೋಲ, ಗಾಳಿ-ನೀರಿನ ಅರಿವು ಆಗಲೇ ಕೈವಶ. ಆದರೆ ಅಲ್ಲಿ ಅಂಚಿಗೆ ಮೈ ಚಾಚಿ, ತೊಡೆ-ಹೊಟ್ಟೆಗಳ ಸ್ನಾಯು ಬಿಗಿಹಿಡಿದು ಕೂರಬೇಕು. ಇಲ್ಲಿ ಜಾರುವ ಪೀಠದ ಮೇಲೆ ಮೊದಲು ಕಾಲೊದೆದು, ಸೊಂಟ ಹಿಂದೆ ಸರಿಸಿ, ಕೊನೆಗೆ ತೋಳೆಳೆಯಬೇಕು. 2000 ಮೀಟರಿನಲ್ಲಿ 200ಕ್ಕೂ ಹೆಚ್ಚು ಸಲ. ನೋಡುವವರಿಗೆ ತೋಳಿನ ಆಟ, ಬಲದ ದೊಡ್ಡ ಪಾಲು ಮಾತ್ರ ಕಾಲಿನದು. ಕಾಲು ದಣಿದರೆ ಭಾರವೆಲ್ಲ ಸೊಂಟಕ್ಕೆ. ಈ ಆಟಗಾರರನ್ನು ಹೆಚ್ಚು ಕಾಡುವುದು ಕೆಳಬೆನ್ನಿನ ನೋವೇ.

ತಂದೆತಾಯಿಯರೇ, ಅಕ್ಕನಷ್ಟೇ ದೂರ ತಮ್ಮನೂ ಹುಟ್ಟು ಹಾಕಲಿ ಎಂಬ ಹಟ ಬೇಡ. 12ರ ಬೆನ್ನೆಲುಬು 16ರದ್ದಲ್ಲ. ಎರಡು ವಾರವಾದರೂ ಬಿಡದ ನೋವು, ಕಾಲಿಗಿಳಿಯುವ ಜೋಮು ಕಂಡರೆ ಮುಲಾಮು ಹಚ್ಚುತ್ತ ಕೂರದೆ ವೈದ್ಯರಿಗೆ ತೋರಿಸಿ.

ತೂಕ ಇಳಿಸಲು ಊಟ ಬಿಡಿಸುವುದಂತೂ ಸಲ್ಲದು. ಹುಡುಗಿಯರಲ್ಲಿ ಮುಟ್ಟು ನಿಂತು ಮೂಳೆ ಸೊರಗುವುದುಂಟು. ಐರ್ಲೆಂಡಿನ ಅಣ್ಣತಮ್ಮ ಗ್ಯಾರಿ ಮತ್ತು ಪಾಲ್ ಓಡೊನೊವನ್ 2016ರಲ್ಲಿ ರಿಯೋದಲ್ಲಿ ಬೆಳ್ಳಿ ಗೆದ್ದ ಕಡಿಮೆ ತೂಕದವರ ವಿಭಾಗವೂ 2024ರ ಪ್ಯಾರಿಸ್‌ಗೆ ಒಲಿಂಪಿಕ್ಸ್‌ನಿಂದ ಮುಗಿಯಿತು. ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಹೊಟ್ಟೆ ತುಂಬ ಉಣ್ಣಲಿ. ಡಬ್ಬಿಯ ಪುಡಿಗೆ ದುಡ್ಡು ಯಾಕೆ ಸುರಿಯುತ್ತೀರಿ?

ಈಜು ಬಾರದ ಮಗುವನ್ನು ಯಾವ ದೋಣಿಗೂ ಹತ್ತಿಸಬೇಡಿ. ಕಲಿಯುವ ದಿನಗಳಲ್ಲಿ ಲೈಫ್ ಜಾಕೆಟ್ ಮೈಮೇಲಿರಲಿ.