ಪ್ರದರ್ಶನ ಮುಗಿದ ಮೇಲೆ ಆ ಸಾಧನ ಯಾರದು?

ಪದ್ಮನಾಭನಗರದ ಸುತ್ತಮುತ್ತ ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ. ಬನಶಂಕರಿ ಎರಡನೇ ಹಂತದಲ್ಲಿ ಬಿ.ಎನ್.ಎಂ. ಇದೆ, ಕುಮಾರಸ್ವಾಮಿ ಲೇಔಟ್‌ನ ಶಾವಿಗೆ ಮಲ್ಲೇಶ್ವರ ಬೆಟ್ಟದಲ್ಲಿ ದಯಾನಂದ ಸಾಗರ್ ಇದೆ, ರಿಂಗ್ ರಸ್ತೆಯಲ್ಲಿ ಪಿ.ಇ.ಎಸ್., ಬಸವನಗುಡಿ ಕಡೆ ಹೊರಳಿದರೆ 1946ರಿಂದ ನಡೆದುಬಂದ ಬಿ.ಎಂ.ಎಸ್. ಇದೇ ದಕ್ಷಿಣ ಬೆಂಗಳೂರಿನ ಜೆ.ಪಿ. ನಗರದಲ್ಲಿ 1969ರಲ್ಲಿ ಆರಂಭವಾದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಇದೆ. ಬಡಾವಣೆ ಬಡಾವಣೆಗೂ ಸರ್ಕಾರಿ ಶಾಲೆಗಳಿವೆ. ಪ್ರತಿ ವರ್ಷ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಈ ಕಾಲೇಜುಗಳಂಥ ಕಡೆಗಳಲ್ಲಿ ಪ್ರಾಜೆಕ್ಟ್ ಪ್ರದರ್ಶನಗಳು ನಡೆಯುತ್ತವೆ. ಅಡ್ಡಿ ಕಂಡರೆ ಸದ್ದು ಮಾಡುವ ಕೋಲು, ಅಕ್ಷರ ಓದಿ ಹೇಳುವ ಕ್ಯಾಮೆರಾ, ಸಂಜ್ಞಾ ಭಾಷೆಯನ್ನು ಮಾತಾಗಿಸುವ ಕೈಗವಸು ಮೇಜಿನ ಮೇಲೆ ಸಾಲಾಗಿ ಕೂರುತ್ತವೆ. ಎಸ್.ಪಿ. ರೋಡಿನಿಂದ ತಂದ ಸೆನ್ಸರು, ಆರ್ಡುಯಿನೊ ಬೋರ್ಡು, ರಾತ್ರಿಯಿಡೀ ಕೂತು ಹಾಕಿದ ಬೆಸುಗೆ, ಇವೆಲ್ಲದರ ಹಿಂದೆ ನಿಜವಾದ ಶ್ರಮವಿದೆ, ಒಳ್ಳೆಯ ಮನಸ್ಸೂ ಇದೆ. ಆದರೆ ವೈವಾ ಮುಗಿದು, ಅಂಕ ಬಂದು, ಆ ಬ್ಯಾಚು ಕೆಲಸ ಹುಡುಕಿಕೊಂಡು ಚದುರಿದ ಮೇಲೆ ಆ ಸಾಧನ ಯಾರದು? ಬ್ಯಾಟರಿ ಸತ್ತರೆ ಅದನ್ನು ಪಡೆದ ಶಾಲೆಯವರು ಯಾರಿಗೆ ಫೋನ್ ಮಾಡಬೇಕು? ವಿದ್ಯಾರ್ಥಿಗಳ ಜಾಣ್ಮೆಯ ಬಗ್ಗೆ ನನಗೆ ಸಂಶಯವಿಲ್ಲ. ಹೊಸತನ್ನು ಮಾಡಿದವರಿಗಷ್ಟೇ ಅಂಕ ಕೊಟ್ಟು, ಮಾಡಿದ್ದನ್ನು ಉಳಿಸಿಕೊಂಡವರಿಗೆ ಏನೂ ಕೊಡದ ನಮ್ಮ ಪದ್ಧತಿಯಲ್ಲೇ ದೋಷವಿದೆ ಎಂಬುದು ನನ್ನ ವಾದ.

ಶಾಲೆಗೆ ಬೇಕಾದ ಸಾಧನವೊಂದು ಎಷ್ಟು ಸೂಕ್ಷ್ಮದ ಕೆಲಸ ಎಂಬುದಕ್ಕೆ ಕನ್ನಡ ಬ್ರೈಲ್ ಅನ್ನೇ ನೋಡಬಹುದು. ಬ್ರೈಲ್‌ನ ಒಂದು ಮನೆಯಲ್ಲಿ ಆರು ಚುಕ್ಕೆ. ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತಿ ಬ್ರೈಲ್ ಪದ್ಧತಿಯಲ್ಲಿ ಕನ್ನಡವನ್ನೂ ಅದೇ ಆರರಲ್ಲಿ ಬರೆಯುತ್ತಾರೆ. ‘ಅಕ್ಕ’ ಎಂದು ಅಚ್ಚಿನಲ್ಲಿ ಬರೆದರೆ ಎರಡು ಅಕ್ಷರ, ಎರಡನೆಯದರ ಜೊತೆಗೊಂದು ಒತ್ತು. ಬೆರಳು ಎಡದಿಂದ ಬಲಕ್ಕೆ ಸರಿಯುವ ಬ್ರೈಲ್ ಸಾಲಿನಲ್ಲಿ ಒತ್ತಕ್ಷರ ತೂಗಿಬೀಳಲು ಜಾಗವೆಲ್ಲಿ? ಹಾಗಾಗಿ ಅದಕ್ಕೆ ನಾಲ್ಕು ಮನೆ ಬೇಕು: ಮೊದಲು ‘ಅ’, ಆಮೇಲೆ ನಾಲ್ಕನೇ ಚುಕ್ಕೆಯೊಂದೇ ಇರುವ ಮನೆ, ನಂತರ ‘ಕ’, ಮತ್ತೊಂದು ‘ಕ’. ಮುಂದಿನ ವ್ಯಂಜನಕ್ಕೆ ಸ್ವರವಿಲ್ಲ ಎಂದು ಆ ಒಂಟಿ ಚುಕ್ಕೆ ಮುಂಚೆಯೇ ತಿಳಿಸುತ್ತದೆ. ಕಂಪ್ಯೂಟರಿನ ಯೂನಿಕೋಡ್‌ನಲ್ಲಿ ಕ್ರಮ ತಿರುಗುಮುರುಗು. ಅಲ್ಲಿ ಅದೇ ಚಿಹ್ನೆ ವ್ಯಂಜನದ ನಂತರ ಬರುತ್ತದೆ. ಒಂದೊಂದು ಸಂಕೇತವನ್ನೂ ಇದ್ದ ಸಾಲಿನಲ್ಲೇ ಬ್ರೈಲ್‌ಗೆ ಬದಲಾಯಿಸುವ ಪ್ರೋಗ್ರಾಂ ಬರೆದರೆ ‘ಅಕ್ಕ’ ಹೋಗಿ ‘ಅಕಕ್’ ಆಗುತ್ತದೆ. ಪ್ರದರ್ಶನದಲ್ಲಿ ನಿಂತು ನೋಡುವ ಪರೀಕ್ಷಕರಿಗೆ ಚುಕ್ಕೆಗಳು ಮೇಲೆದ್ದವು ಎಂಬುದಷ್ಟೇ ಕಾಣುತ್ತದೆ. ತಪ್ಪು ಗೊತ್ತಾಗುವುದು ಬ್ರೈಲ್ ಕಲಿಸುವ ಶಿಕ್ಷಕರ ಬೆರಳಿಗೆ. ಇನ್ನೂ ಒಂದು ಮಾತಿದೆ. ಸ್ಲೇಟು ಮತ್ತು ಮೊಳೆಯಂಥ ಸ್ಟೈಲಸ್ ಹಿಡಿದು ಬರೆಯುವ ಮಗು ಹಾಳೆಯನ್ನು ಬಲದಿಂದ ಎಡಕ್ಕೆ ಚುಚ್ಚುತ್ತದೆ, ಹಾಳೆ ತಿರುಗಿಸಿ ಎಡದಿಂದ ಬಲಕ್ಕೆ ಓದುತ್ತದೆ. ಕಲಿಕೆಯ ಯಂತ್ರ ಈ ಅಭ್ಯಾಸಕ್ಕೆ ನೆರವಾಗುತ್ತದೋ ಗೊಂದಲ ಹುಟ್ಟಿಸುತ್ತದೋ ಎಂದು ತಿಳಿಯಲು ತರಗತಿಯಲ್ಲಿ ತಿಂಗಳುಗಟ್ಟಲೆ ಬಳಸಿ ನೋಡಲೇಬೇಕು.

ಬಳಸುವವರನ್ನು ಕೇಳದೆ ಮಾಡಿದ ಸಾಧನ ಮೂಲೆ ಸೇರುತ್ತದೆ ಎಂಬುದು ಬರೀ ಊಹೆಯಲ್ಲ. ಅಮೆರಿಕದಲ್ಲಿ ಬೆಟ್ಸಿ ಫಿಲಿಪ್ಸ್ ಮತ್ತು ಹಾಂಗ್‌ಶಿನ್ ಝಾವೊ 227 ಮಂದಿ ಅಂಗವಿಕಲ ವಯಸ್ಕರನ್ನು ವಿಚಾರಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರು ಪಡೆದಿದ್ದ ಸಾಧನಗಳಲ್ಲಿ ಶೇ 29.3ರಷ್ಟನ್ನು ಪೂರ್ತಿ ಕೈಬಿಟ್ಟಿದ್ದರು. ಬಳಸುವವರ ಅಭಿಪ್ರಾಯಕ್ಕೆ ಬೆಲೆ ಕೊಡದಿದ್ದುದು, ಸಾಧನ ಸರಿಯಾಗಿ ಕೆಲಸ ಮಾಡದಿದ್ದುದು, ಅಗತ್ಯವೇ ಬದಲಾಗಿಬಿಟ್ಟದ್ದು ಮುಖ್ಯ ಕಾರಣಗಳಲ್ಲಿ ಸೇರಿದ್ದವು. ವಯಸ್ಕರ ಕಥೆಯೇ ಹೀಗಾದರೆ, ವರ್ಷಕ್ಕೊಂದು ತರಗತಿ ದಾಟುವ, ಕೈಕಾಲು ಬೆಳೆಯುವ ಮಕ್ಕಳ ಅಗತ್ಯ ಇನ್ನೂ ಬೇಗ ಬದಲಾಗುತ್ತದೆ. ಮೇಲೆ ಹೇಳಿದ ಕೈಗವಸಿನ ಮೇಲೆ ಕಿವುಡ ಸಮುದಾಯದವರು ಎತ್ತಿದ ಆಕ್ಷೇಪವೂ ಇಂಥದ್ದೇ. ಸಂಜ್ಞಾ ಭಾಷೆ ಬರೀ ಬೆರಳಿನದಲ್ಲ. ಹುಬ್ಬು, ತುಟಿ, ಮುಖಭಾವ ಅದರ ವ್ಯಾಕರಣದ ಭಾಗ. ಕೈಗವಸಿಗೆ ಅದೊಂದೂ ಕಾಣುವುದಿಲ್ಲ. ಆದರೂ ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು ಅದನ್ನೇ ಮತ್ತೆ ಮತ್ತೆ ಹೊಸದಾಗಿ ಮಾಡುತ್ತಾರೆ.

ಉಳಿದು ಬಳಕೆಗೆ ಬಂದ ಸಾಧನಗಳ ಚರಿತ್ರೆ ಬೇರೆ. ಐಐಟಿ ದೆಹಲಿಯ ‘ಸ್ಮಾರ್ಟ್‌ಕೇನ್’ 2005ರ ಸುಮಾರಿಗೆ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಹುಟ್ಟಿತು. ಬಿಳಿಕೋಲು ನೆಲದ ಗುಂಡಿ, ಮೆಟ್ಟಿಲುಗಳನ್ನು ಹೇಳುತ್ತದೆ. ಮೊಳಕಾಲಿನ ಮೇಲೆ ಬಾಗಿನಿಂತ ಕೊಂಬೆಯನ್ನೋ ಲಾರಿಯ ಹಿಂಬದಿಯನ್ನೋ ಹೇಳಲಾರದು. ಆ ಕೊರತೆ ತುಂಬಲು ಕೋಲಿನ ಹಿಡಿಕೆಗೆ ಅಲ್ಟ್ರಾಸೌಂಡ್ ಸೆನ್ಸರ್ ಇಟ್ಟು, ಅಡ್ಡಿ ಹತ್ತಿರವಾದಂತೆ ಹಿಡಿಕೆ ಬೇರೆ ಬೇರೆ ರೀತಿ ಕಂಪಿಸುವಂತೆ ಮಾಡಿದರು. ಪ್ರೊ. ಎಂ. ಬಾಲಕೃಷ್ಣನ್ ಮತ್ತು ಪ್ರೊ. ಪಿ.ವಿ.ಎಂ. ರಾವ್ ಅವರ ತಂಡ, ಸಕ್ಷಮ್ ಸಂಸ್ಥೆ, ಚೆನ್ನೈನ ಫೀನಿಕ್ಸ್ ಮೆಡಿಕಲ್ ಸಿಸ್ಟಮ್ಸ್ ಒಟ್ಟಾಗಿ ದುಡಿದು ಅದು ಮಾರುಕಟ್ಟೆಗೆ ಬಂದದ್ದು 2014ರಲ್ಲಿ. ಮೊದಲ ಮಾದರಿ ತಯಾರಾಗಲು ಹಿಡಿದದ್ದು ಸ್ವಲ್ಪ ಕಾಲ; ದೃಷ್ಟಿಯಿಲ್ಲದವರ ಕೈಗೆ ಕೊಟ್ಟು, ದೂರು ಕೇಳಿ, ಮತ್ತೆ ತಿದ್ದಲು ಹಿಡಿದದ್ದು ವರ್ಷಗಳು. ನಮ್ಮ ಬೆಂಗಳೂರಿನ ಥಿಂಕರ್‌ಬೆಲ್ ಲ್ಯಾಬ್ಸ್‌ನ ‘ಆನಿ’ಯದೂ ಹೀಗೆಯೇ. ಬಿಟ್ಸ್ ಪಿಲಾನಿಯ ಗೋವಾ ಕ್ಯಾಂಪಸ್‌ನಲ್ಲಿ ರಾಸ್ಪ್‌ಬೆರಿ ಪೈ ಬಳಸಿ ಮಾಡಿದ ಬ್ರೈಲ್ ಕಲಿಕೆಯ ಪೆಟ್ಟಿಗೆಯನ್ನು ಸಂಸ್ಕೃತಿ ದಾವ್ಲೆ ಮತ್ತು ಸಂಗಡಿಗರು ಪದವಿ ಮುಗಿದರೂ ಕೈಬಿಡಲಿಲ್ಲ. ಹಾಗಾಗಿ ಅದು ಮಗು ತಾನೇ ಮುಟ್ಟಿ, ಕೇಳಿ, ಬರೆದು ಕಲಿಯುವ ಯಂತ್ರವಾಗಿ ಅಂಧ ಮಕ್ಕಳ ಶಾಲೆಗಳನ್ನು ತಲುಪಿತು.

ಎಲ್ಲ ತಂಡಗಳೂ ಕಂಪನಿ ಕಟ್ಟಲು ಸಾಧ್ಯವಿಲ್ಲ, ಕಟ್ಟಬೇಕಾಗಿಯೂ ಇಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 1995ರಲ್ಲಿ ‘ಎಪಿಕ್ಸ್’ ಎಂಬ ಕಾರ್ಯಕ್ರಮ ಶುರುಮಾಡಿದಾಗ ಕಂಡುಕೊಂಡ ದಾರಿ ನಮಗೆ ಹೆಚ್ಚು ಹೊಂದುತ್ತದೆ. ಅಲ್ಲಿ ತಂಡವೊಂದು ಊರಿನ ಒಂದು ಶಾಲೆಗೋ ಸೇವಾಸಂಸ್ಥೆಗೋ ಜೊತೆಯಾಗುತ್ತದೆ. ತಂಡದಲ್ಲಿ ಮೊದಲ ವರ್ಷದವರಿಂದ ಕೊನೆಯ ವರ್ಷದವರವರೆಗೆ ಎಲ್ಲರೂ ಇರುತ್ತಾರೆ. ಹಿರಿಯರು ಪದವಿ ಪಡೆದು ಹೋದರೂ ಕಿರಿಯರು ಉಳಿಯುತ್ತಾರೆ, ತಂಡ ಸಾಯುವುದಿಲ್ಲ. ನಮ್ಮಲ್ಲಿ ಇದಕ್ಕೆ ಬೇಕಾದ ಸಲಕರಣೆ ಇಲ್ಲದಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಪ್ಪತ್ತರ ದಶಕದ ಕೊನೆಯಿಂದ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಹಣ ಕೊಡುತ್ತ ಬಂದಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿ.ಟಿ.ಯು.) 2022ರ ಪಠ್ಯಕ್ರಮದ ಮೂರನೇ ಸೆಮಿಸ್ಟರ್‌ನಲ್ಲಿ ‘ಸೋಷಿಯಲ್ ಕನೆಕ್ಟ್ ಅಂಡ್ ರೆಸ್ಪಾನ್ಸಿಬಿಲಿಟಿ’ ಎಂಬ ವಿಷಯವನ್ನಿಟ್ಟಿದೆ. ಗಿಡ ನೆಡುವುದು, ಪಾರಂಪರಿಕ ತಾಣ ನೋಡುವುದು ಅದರಲ್ಲಿವೆ. ಆ ಅವಧಿಯನ್ನು ಒಂದೇ ಶಾಲೆಯ ತರಗತಿಯಲ್ಲಿ ಕೂತು ನೋಡಲು ಬಳಸಿಕೊಂಡರೆ, ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುವ ಪರದಾಟ ತಪ್ಪುತ್ತದೆ. ಸಿದ್ಧ ಪ್ರಾಜೆಕ್ಟ್ ಮಾರುವ ಅಂಗಡಿಗಳ ಕಡೆ ಕಾಲೂ ಹೋಗುವುದಿಲ್ಲ.

ಹಿಂದಿನವರು ಮಾಡಿದ್ದನ್ನು ರಿಪೇರಿ ಮಾಡುವುದರಲ್ಲಿ ಕಲಿಯುವುದೇನಿದೆ ಎಂದು ಕೆಲವು ಗೈಡ್‌ಗಳು ಕೇಳುತ್ತಾರೆ. ಬೇರೆಯವರು ಬರೆದ ಪ್ರೋಗ್ರಾಂ ಓದಿ ಅರ್ಥಮಾಡಿಕೊಂಡು, ಅದನ್ನು ಕೆಡಿಸದೆ ತಿದ್ದುವುದು ಬೆಂಗಳೂರಿನ ಕಂಪನಿಗಳಲ್ಲಿ ಎಂಜಿನಿಯರ್‌ಗಳ ದಿನನಿತ್ಯದ ಕೆಲಸ. ಅದನ್ನು ಕಾಲೇಜಿನಲ್ಲೇ ಕಲಿತರೆ ನಷ್ಟವೇನೂ ಇಲ್ಲ. ಮೊಬೈಲ್ ಆ್ಯಪ್‌ಗಳೇ ಎಲ್ಲ ಮಾಡುತ್ತಿರುವಾಗ ಸಾಧನಗಳೇಕೆ ಎಂಬುದು ಮತ್ತೊಂದು ಪ್ರಶ್ನೆ. ಓದು ಬಂದವರಿಗೆ ಮೊಬೈಲ್ ದೊಡ್ಡ ವರವೇ ಸರಿ. ಆದರೆ ನುಣುಪಾದ ಗಾಜಿನ ಮೇಲೆ ಆರು ವರ್ಷದ ಮಗುವಿನ ಬೆರಳಿಗೆ ಚುಕ್ಕೆ ಸಿಗುವುದಿಲ್ಲ, ಕೇಳಿಸಿಕೊಂಡ ಮಾತ್ರಕ್ಕೆ ಕಾಗುಣಿತ ಬರುವುದಿಲ್ಲ.

ನಿಜಕ್ಕೂ ತೂಕವಿರುವ ಆಕ್ಷೇಪ ಬೇರೊಂದಿದೆ: ಅನುಭವವಿಲ್ಲದ ವಿದ್ಯಾರ್ಥಿಗಳ ಪ್ರಯೋಗಕ್ಕೆ ಅಂಗವಿಕಲ ಮಕ್ಕಳನ್ನೇಕೆ ಒಡ್ಡಬೇಕು, ಸಾಧನ ಕೊಡುವುದು ಸರ್ಕಾರದ ಹೊಣೆಯಲ್ಲವೇ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಆ ಮಕ್ಕಳ ಶಿಕ್ಷಣದ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಆ ಹೊಣೆ ಹಗುರಾಗಬಾರದು. ಶ್ರವಣಯಂತ್ರ, ಗಾಲಿಕುರ್ಚಿ, ಮೈಗೆ ಆಧಾರ ಕೊಡುವ ಪಟ್ಟಿಗಳಂಥವನ್ನು ತಜ್ಞರಿಗೇ ಬಿಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಟ್ಟಿ ತಿಳಿಯುವ ಕರ್ನಾಟಕದ ಭೂಪಟ, ಒತ್ತಕ್ಷರ ಕಲಿಸುವ ಬ್ರೈಲ್ ಪೆಟ್ಟಿಗೆ, ಬೆರಳಿನ ಹಿಡಿತ ಕಡಿಮೆಯಿರುವ ಮಗುವಿಗೆ ದಪ್ಪ ಹಿಡಿಕೆಯ ಪೆನ್ಸಿಲ್, ಇವುಗಳಲ್ಲಿ ಅಪಾಯ ಕಡಿಮೆ, ಕನ್ನಡದ ಮಟ್ಟಿಗೆ ಮಾರುಕಟ್ಟೆಯೂ ಸಣ್ಣದು. ದೊಡ್ಡ ಕಂಪನಿಗಳು ಕಣ್ಣೆತ್ತಿ ನೋಡದ ಈ ಜಾಗದಲ್ಲೇ ಹತ್ತಿರದ ಕಾಲೇಜಿನ ತಂಡಕ್ಕೆ ಕೆಲಸವಿದೆ. ಕಾಲೇಜು ಶಾಲೆಗೆ ಕೊಡಬೇಕಾದದ್ದು ಸಾಧನ ಒಂದನ್ನೇ ಅಲ್ಲ. ಬಿಡಿಭಾಗ ಎಲ್ಲಿ ಸಿಗುತ್ತದೆ, ಪ್ರೋಗ್ರಾಂ ಎಲ್ಲಿದೆ, ಏನು ಕೆಟ್ಟರೆ ಏನು ಮಾಡಬೇಕು ಎಂದು ಕನ್ನಡದಲ್ಲಿ ಬರೆದ ಪುಸ್ತಕವೊಂದನ್ನು ಜೊತೆಗೆ ಕೊಡಬೇಕು. ಶಿಕ್ಷಕರು ಅದರಲ್ಲೇ ದೂರು ಬರೆಯಬೇಕು; ಮುಂದಿನ ಬ್ಯಾಚಿನ ಅಂಕ, ಆ ದೂರುಗಳಲ್ಲಿ ಎಷ್ಟು ಬಗೆಹರಿದವು ಎಂಬುದರ ಮೇಲೆ ನಿಲ್ಲಬೇಕು.