ಲೋವರ್ ಆರ್ಮಿನ ಪೇಂಟ್ ಏಕೆ ಎದ್ದು ಬರುತ್ತದೆ?

ಟಿ. ನರಸೀಪುರದ ಓದುಗರೊಬ್ಬರು ಕೇಳಿದ್ದಾರೆ: ‘ಹಳೇ ಕಾರಿನ ಸಸ್ಪೆನ್ಷನ್ನಿನ ಲೋವರ್ ಆರ್ಮ್ ಬಿಚ್ಚಿಸಿ, ತುಕ್ಕು ಉಜ್ಜಿಸಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆಸಿ, ಮೇಲೆ ಎರಡು ಕೋಟ್ ಕಪ್ಪು ಪೇಂಟ್ ಕೊಡಿಸಿದೆ. ಒಂದೇ ಮಳೆಗಾಲಕ್ಕೆ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಪೇಂಟ್ ಕಳಪೆಯೇ?’

ಪೇಂಟನ್ನು ಅಷ್ಟು ಬೇಗ ದೂರಬೇಡಿ. ನಂಜನಗೂಡು ತಾಲ್ಲೂಕಿನ ಇಮ್ಮಾವಿನಲ್ಲಿ 2018ರಿಂದ ಏಷ್ಯನ್ ಪೇಂಟ್ಸ್‌ನ ದೊಡ್ಡ ಕಾರ್ಖಾನೆಯೇ ನಡೆಯುತ್ತಿದೆ. ಅಲ್ಲಿ ತಯಾರಾಗುವುದು ಮುಖ್ಯವಾಗಿ ಗೋಡೆಯ ಬಣ್ಣ, ನಿಜ. ಆದರೂ ಈ ಸೀಮೆಯಲ್ಲಿ ಬಣ್ಣಕ್ಕೆ ಬರವಿಲ್ಲ. ಬರ ಇರುವುದು ಬಣ್ಣ ಹಚ್ಚುವ ಮುಂಚಿನ ತಾಳ್ಮೆಗೆ.

ತುಕ್ಕು ಹಿಡಿಯುವುದೆಂದರೆ ಕಬ್ಬಿಣದ ಮೈಮೇಲೆ ಪುಟ್ಟದೊಂದು ಬ್ಯಾಟರಿ ಓಡುವುದು. ಅದನ್ನು ಕಣ್ಣಿಗೆ ಕಾಣುವಂತೆ ಮಾಡಿದವರು ಕೇಂಬ್ರಿಡ್ಜ್‌ನ ಯುಲಿಕ್ ಇವಾನ್ಸ್. 1920ರ ದಶಕದಲ್ಲಿ ಅವರು ಉಜ್ಜಿ ಶುಚಿ ಮಾಡಿದ ಉಕ್ಕಿನ ಮೇಲೆ ಉಪ್ಪುನೀರಿನ ಒಂದು ಹನಿ ಇಟ್ಟರು. ಕಬ್ಬಿಣ ಕರಗುವ ಕಡೆ ನೀಲಿ, ಕ್ಷಾರ ಹುಟ್ಟುವ ಕಡೆ ನಸುಗೆಂಪು ತೋರಿಸುವ ರಾಸಾಯನಿಕಗಳು ಆ ಹನಿಯಲ್ಲಿದ್ದವು. ಮೊದಲು ಎರಡೂ ಬಣ್ಣ ಅಲ್ಲಲ್ಲಿ ಚುಕ್ಕೆಗಳಾಗಿ ಎದ್ದವು. ಸ್ವಲ್ಪ ಹೊತ್ತಿಗೆ ಬೇರ್ಪಟ್ಟು, ನೀಲಿ ನಡುವೆ, ಕೆಂಪು ಅಂಚಿನ ಸುತ್ತ ನಿಂತಿತು. ಗಾಳಿ ಧಾರಾಳವಾಗಿ ಸಿಗುವ ಅಂಚಿಗೆ ಏನೂ ಆಗಲಿಲ್ಲ. ಆಮ್ಲಜನಕದ ಕೊರತೆಯಿದ್ದ ನಡುಭಾಗದ ಕಬ್ಬಿಣವೇ ಕರಗಿತು. ಗಾಳಿ ಹೆಚ್ಚು ತಾಗಿದಲ್ಲಿ ತುಕ್ಕು ಹೆಚ್ಚು ಎಂಬ ನಮ್ಮೆಲ್ಲರ ನಂಬಿಕೆಯನ್ನು ಆ ಒಂದು ಹನಿ ತಲೆಕೆಳಗು ಮಾಡಿತು.

ಈಗ ಲೋವರ್ ಆರ್ಮಿಗೆ ಬನ್ನಿ. ಸುತ್ತೂರಿನ ಕಡೆಯ ಗದ್ದೆಬಯಲಿನಿಂದ ಟ್ರ್ಯಾಕ್ಟರ್‌ಗಳು ರಸ್ತೆಗೆ ಎಳೆದು ತರುವ ಕೆಸರು ಬುಷ್‌ನ ಸಂದಿಗೆ, ವೆಲ್ಡಿಂಗ್ ಅಂಚಿಗೆ ಮೆತ್ತಿಕೊಳ್ಳುತ್ತದೆ. ಹೊರಗೆ ಒಣಗಿ ಬಿರುಕು ಬಿಟ್ಟರೂ ಒಳಪದರ ದಿನಗಟ್ಟಲೆ ಹಸಿಯಾಗಿರುತ್ತದೆ. ಅದರಡಿಯ ಲೋಹ ಇವಾನ್ಸರ ಹನಿಯ ನಡುಭಾಗದಂತೆಯೇ ಕರಗುತ್ತದೆ. ಮೇಲಾಗಿ, ರಸಬಾಳೆಗೆ ಹೆಸರಾದ ನಂಜನಗೂಡಿನ ಕಪ್ಪು ಮೆಕ್ಕಲು ಜೇಡಿಯಲ್ಲಿ ಲವಣಾಂಶವಿದೆ. ಬಾಳೆಗೆ ಅದು ರುಚಿ ಕೊಡುತ್ತದೆ ಎನ್ನುತ್ತಾರೆ. ತುಕ್ಕಿನ ಬ್ಯಾಟರಿಗೆ ಅದು ವಿದ್ಯುತ್ ಹರಿಯುವ ದಾರಿ. ಪೇಂಟಿನಲ್ಲಿ ಒಂದು ಗೀರು ಸಿಕ್ಕರೆ ಸಾಕು. ಹುಟ್ಟುವ ತುಕ್ಕು ಕರಗಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಪೇಂಟನ್ನು ಎತ್ತಿ ಒಗೆಯುತ್ತದೆ.

ಹಾಗಾಗಿ ಕೆಲಸದ ಕ್ರಮ ಮುಖ್ಯ. ಮೊದಲು ಗ್ರೀಸ್ ಹೋಗಬೇಕು, ಆಮೇಲೆ ಉಜ್ಜಬೇಕು. ತಿರುಗುಮುರುಗು ಮಾಡಿದರೆ ಉಜ್ಜಿದ ಗೆರೆಗಳೊಳಗೇ ಜಿಡ್ಡು ಸೇರಿಕೊಳ್ಳುತ್ತದೆ. ಡೀಸೆಲ್‌ನಲ್ಲಿ ತೊಳೆದರೆ ಎಣ್ಣೆಯ ತೆಳುಪದರ ಉಳಿಯುತ್ತದೆ. ಥಿನ್ನರ್ ಅದ್ದಿದ ಬಿಳಿ ಬಟ್ಟೆಯಲ್ಲಿ, ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೂ ಒರೆಸಬೇಕು. ಬರೀ ವೈರ್ ಬ್ರಷ್ ಆಡಿಸಿದರೆ ತುಕ್ಕಿಗೇ ಪಾಲಿಶ್ ಬರುತ್ತದೆ. 80ನೇ ನಂಬರಿನ ಎಮರಿ ಪೇಪರ್ ಮೈಯನ್ನು ತರಿತರಿ ಮಾಡಿ ಪ್ರೈಮರಿಗೆ ಹಿಡಿತ ಕೊಡುತ್ತದೆ. ಹಳೇ ಪ್ರೈಮರ್‌ನಲ್ಲಿ ವಿಷಕಾರಿ ಕ್ರೋಮೇಟ್ ಇರಬಹುದು. ಅದರ ಧೂಳನ್ನು ಉಸಿರಾಡಬಾರದು, ಮಾಸ್ಕ್ ಬೇಕೇ ಬೇಕು.

ರೆಡ್ ಆಕ್ಸೈಡ್‌ನ ಕೆಂಪು ಸ್ವತಃ ಕಬ್ಬಿಣದ ಆಕ್ಸೈಡೇ. ಅದು ಮರೆಯಾಗಿ ನಿಲ್ಲುತ್ತದೆ, ತುಕ್ಕನ್ನು ತಡೆಯುವ ರಾಸಾಯನಿಕ ಶಕ್ತಿ ಅದಕ್ಕಿಲ್ಲ. ಜಿಂಕ್ ಫಾಸ್ಫೇಟ್ ಬೆರೆತ ಪ್ರೈಮರಿಗೆ ಅಷ್ಟಿಷ್ಟಾದರೂ ಇದೆ. ಫಾಸ್ಫೇಟಿನ ಗುಣ ಹೊಸದೇನಲ್ಲ. ದೆಹಲಿಯ ಕಬ್ಬಿಣದ ಕಂಬವನ್ನು ಅಧ್ಯಯನ ಮಾಡಿದ ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ, ಅದರ ಕಬ್ಬಿಣದಲ್ಲಿರುವ ರಂಜಕದಿಂದಲೇ (ಫಾಸ್ಫರಸ್) ರಕ್ಷಾಪದರ ಕಟ್ಟಿಕೊಂಡಿದೆ ಎಂದು ತೋರಿಸಿದರು. ಇಂಗ್ಲೆಂಡಿನ ಥಾಮಸ್ ಕಾಸ್ಲೆಟ್ 1906ರಲ್ಲಿ ಫಾಸ್ಫಾರಿಕ್ ಆಮ್ಲದಿಂದ ಉಕ್ಕಿಗೆ ಅಂಥದೇ ಪದರ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಇಂದು ‘ರಸ್ಟ್ ಕನ್ವರ್ಟರ್’ ಹೆಸರಿನ ಎಷ್ಟೋ ಬಾಟಲಿಗಳಲ್ಲಿ ಇರುವುದೂ ಇದೇ ಆಮ್ಲ. ಅದು ತೆಳು ತುಕ್ಕನ್ನು ಫಾಸ್ಫೇಟ್ ಮಾಡೀತು. ದಪ್ಪ ಹಕ್ಕಳೆಯ ಅಡಿಗೆ ಇಳಿಯದು. ಬಳಿದರೆ ಸಾಕು, ಉಜ್ಜುವುದೇ ಬೇಡ ಎನ್ನುವ ಜಾಹೀರಾತನ್ನು ನಾನಂತೂ ನಂಬುವುದಿಲ್ಲ.

ಇನ್ನು ವೇಳೆ. ಲೋಹದ ಉಷ್ಣತೆ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು, ಗಾಳಿಯ ತೇವ ಶೇ 85ರೊಳಗಿರಬೇಕು ಎಂಬುದು ಪೇಂಟಿಂಗ್ ಉದ್ಯಮದ ನಿಯಮ. ಕಪಿಲೆ, ಕಾವೇರಿ ಕೂಡುವ ನರಸೀಪುರದಲ್ಲಿ ಚಳಿಗಾಲದ ಬೆಳಗ್ಗೆ, ರಾತ್ರಿಯಿಡೀ ತಣ್ಣಗಾದ ಆರ್ಮಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರು ಕೂತಿರಬಹುದು. ಬಿಸಿಲೇರುವವರೆಗೆ ಕಾದು, ಉಜ್ಜಿದ ದಿನವೇ ಪ್ರೈಮರ್ ಹೊಡೆಯಿರಿ.

ಆದರೆ ಇದೇ ಉತ್ಸಾಹದಲ್ಲಿ ಸಸ್ಪೆನ್ಷನ್ನಿನ ಸ್ಪ್ರಿಂಗ್‌ಗಳಿಗೆ ರಸ್ಟ್ ಕನ್ವರ್ಟರಿನ ಆಮ್ಲ ತಾಗಿಸಬೇಡಿ. ಆಮ್ಲ ಉಕ್ಕನ್ನು ಕಚ್ಚುವಾಗ ಹುಟ್ಟುವ ಹೈಡ್ರೋಜನ್ ಲೋಹದೊಳಗೆ ನುಸುಳಿ ಅದನ್ನು ಪೆಡಸು ಮಾಡುತ್ತದೆ ಎಂದು ಡಬ್ಲ್ಯು. ಎಚ್. ಜಾನ್ಸನ್ 1875ರಲ್ಲೇ ವರದಿ ಮಾಡಿದ್ದರು. ಲೋವರ್ ಆರ್ಮಿನ ಮೆದು ಉಕ್ಕು ಅದನ್ನು ತಾಳಿಕೊಳ್ಳುತ್ತದೆ. ಹದ ಕೊಟ್ಟು ಗಡಸು ಮಾಡಿದ ಸ್ಪ್ರಿಂಗ್ ಮುಂದೊಂದು ದಿನ ಹಳ್ಳಕ್ಕಿಳಿದಾಗ ತಟ್ಟನೆ ತುಂಡಾಗಬಹುದು. ಸ್ಪ್ರಿಂಗನ್ನು ಗ್ರೈಂಡರ್‌ನಿಂದ ಗೀರುವುದೂ ಬೇಡ. ಬಿರುಕು ಹುಟ್ಟುವುದು ಅಂಥ ಗೀರಿನಿಂದಲೇ. ಸಡಿಲ ತುಕ್ಕನ್ನು ಕೈಯಲ್ಲೇ ಉಜ್ಜಿ ಪ್ರೈಮರ್ ಹೊಡೆಯಿರಿ. ಕೈಗೆ ಗುಳಿ ತಗಲುವಷ್ಟು ತುಕ್ಕು ತಿಂದಿದ್ದರೆ ಪೇಂಟಿಗೆ ದುಡ್ಡು ಹಾಕದೆ ಹೊಸ ಸ್ಪ್ರಿಂಗ್ ಕೊಳ್ಳಿ.